ಪದ್ಮಿನಿಗೆ ಎಲೆಕ್ಟ್ರಿಕ್ ಪಂಪ್ ಹಾಕಿದ ಮೇಲೆ ಕಾರ್ಬ್ ಓವರ್‌ಫ್ಲೋ: ಯಾವ ಪ್ರೆಶರ್ ರೆಗ್ಯುಲೇಟರ್ ಸರಿ?

ಪದ್ಮಿನಿ1089 ಕೇಳಿದ್ದು:

ಗಾಡಿ ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಸಿಂಗಲ್ ಬ್ಯಾರೆಲ್ ಸೊಲೆಕ್ಸ್ ಕಾರ್ಬ್ಯುರೇಟರ್. ಎಂಜಿನ್ನಿನಿಂದಲೇ ಓಡುವ ಮೂಲ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ (ಏಸಿ ಪಂಪ್) ಡಯಾಫ್ರಾಮ್, ಅಂದರೆ ಒಳಗಿನ ರಬ್ಬರ್ ಪೊರೆ, ಹರಿದಿದ್ದರಿಂದ ಪಂಪ್ ಕಳಚಿ ಆ ಜಾಗ ಮುಚ್ಚಲು ಬ್ಲ್ಯಾಂಕಿಂಗ್ ಪ್ಲೇಟ್ ಕೂರಿಸಲಾಗಿದೆ. ಬದಲಿಗೆ 12 ವೋಲ್ಟಿನ ಚಿಕ್ಕ ಎಲೆಕ್ಟ್ರಿಕ್ ಪಂಪ್, ಎಂಜಿನ್ ಬೇ ಒಳಗೆ ಬಲ್ಕ್‌ಹೆಡ್‌ಗೆ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಬಿಗಿದಿದೆ. ಅದರ ಲೇಬಲ್ ಮೇಲೆ 0.3–0.5 ಬಾರ್ ಅಂತ ಇದೆ. ಪಂಪಿಗೂ ಕಾರ್ಬಿಗೂ ನಡುವೆ ಪೇಪರ್ ಫಿಲ್ಟರ್ ಬಿಟ್ಟರೆ ಬೇರೇನೂ ಇಲ್ಲ.

ಲಕ್ಷಣ: ಐಡ್ಲಿಂಗ್‌ನಲ್ಲಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಕಾರ್ಬ್ ಮುಚ್ಚಳದ ಗ್ಯಾಸ್ಕೆಟ್ ಸುತ್ತ ಒದ್ದೆ. ರೋಡಿನಲ್ಲಿ 50–60ರ ವೇಗದಲ್ಲಿ ಗಾಡಿ ಪರವಾಗಿಲ್ಲ. ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯದ ಹೊರತು ಹಿಡಿಯುವುದಿಲ್ಲ.

ರೆಗ್ಯುಲೇಟರ್ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ, ಯಾವುದು ಅಂತ ಯಾರೂ ಹೇಳುವುದಿಲ್ಲ. 1ರಿಂದ 6ರವರೆಗೆ ಅಂಕಿ ಬರೆದ ಡಯಲ್ ತಿರುಗಿಸುವಂಥದ್ದು ಅಗ್ಗ. ಸ್ಕ್ರೂ ಮತ್ತು ಲಾಕ್‌ನಟ್ ಇರುವುದು ದುಬಾರಿ. ಮೂರು ಪೋರ್ಟಿನ ರಿಟರ್ನ್ ಮಾದರಿಯೂ ಇದೆ, ಅದರ ತಲೆ ಮೇಲೆ ವ್ಯಾಕ್ಯೂಮ್ ನಿಪ್ಪಲ್. ಆ ನಿಪ್ಪಲ್ ಮ್ಯಾನಿಫೋಲ್ಡಿಗೆ ಕೊಡಬೇಕಾ? ಟ್ಯಾಂಕಿಗೆ ರಿಟರ್ನ್ ಪೈಪ್ ಎಳೆಯುವುದು ಕಡ್ಡಾಯವಾ? ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಒಳಗಿನ ರಬ್ಬರ್ ತಡೆಯುತ್ತದಾ?

---

ನೀಡಲ್‌ಸೀಟ್:

ಮೊದಲು ಲೇಬಲ್ ಓದೋಣ. 0.3–0.5 ಬಾರ್ ಅಂದರೆ 4.4ರಿಂದ 7.3 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಈ ವರ್ಗದ ಸಿಂಗಲ್ ಬ್ಯಾರೆಲ್ ಸೊಲೆಕ್ಸ್‌ಗೆ 2.5ರಿಂದ 3 ಪಿಎಸ್‌ಐ ಧಾರಾಳ. ಹಾಗಾಗಿ ನಿಮ್ಮ ಅನುಮಾನಕ್ಕೆ ಆಧಾರ ಇದೆ. ಆದರೂ ದುಡ್ಡು ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಓವರ್‌ಫ್ಲೋಗೆ ಪ್ರೆಶರ್ ಒಂದೇ ಕಾರಣ ಅಲ್ಲ.

ಪಂಪಿನ ಪೈಪ್ ಬಿಚ್ಚಿ, ಒಂದು ಚಿಕ್ಕ ಕ್ಯಾನಿನಿಂದ ನೇರ ಕಾರ್ಬಿಗೆ ಪೆಟ್ರೋಲ್ ಕೊಡಿ. ಕ್ಯಾನ್ ಕಾರ್ಬಿಗಿಂತ ಅರ್ಧ ಮೀಟರ್ ಮೇಲಿರಲಿ. ಪೆಟ್ರೋಲಿನ ಒಂದು ಮೀಟರ್ ಎತ್ತರ ಸುಮಾರು 1 ಪಿಎಸ್‌ಐ ಕೊಡುತ್ತದೆ, ಅಂದರೆ ಇಲ್ಲಿ ಸಿಗುವುದು ಅರ್ಧ ಪಿಎಸ್‌ಐ ಮಾತ್ರ. ಎಂಜಿನ್ ತಣ್ಣಗಿರಬೇಕು, ಬ್ಯಾಟರಿಯ ಒಂದು ವೈರ್ ಕಳಚಿರಬೇಕು. ಹದಿನೈದು ಇಪ್ಪತ್ತು ನಿಮಿಷ ಹಾಗೇ ಬಿಡಿ. ಈ ಅರ್ಧ ಪಿಎಸ್‌ಐಗೂ ಕಾರ್ಬ್ ತುಂಬಿ ಹರಿದರೆ ಜಗತ್ತಿನ ಯಾವ ರೆಗ್ಯುಲೇಟರೂ ಅದನ್ನು ನಿಲ್ಲಿಸುವುದಿಲ್ಲ. ದೋಷ ಫ್ಲೋಟ್ ಚೇಂಬರ್, ಅಂದರೆ ಕಾರ್ಬಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ಒಳಗಿದೆ. ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಇದ್ದರೆ ಗೊತ್ತಾಗುತ್ತದೆ. ಅನುಮಾನ ಉಳಿದರೆ ಬಿಸಿನೀರಿನಲ್ಲಿ ಮುಳುಗಿಸಿ, ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ಬರುವ ತೂತನ್ನು (ಸೀಟ್) ಮುಚ್ಚುವ ನೀಡಲ್‌ನ ಕೋನಾಕಾರದ ತುದಿಯಲ್ಲಿ ಉಂಗುರದಂಥ ಸವೆತ ಬೆರಳುಗುರಿಗೆ ಸಿಕ್ಕರೆ ನೀಡಲ್ ಮತ್ತು ಸೀಟ್ ಎರಡನ್ನೂ ಜೋಡಿಯಾಗಿ ಬದಲಿಸಿ. ಸೊಲೆಕ್ಸ್‌ನಲ್ಲಿ ಲೆವೆಲ್ ನಿರ್ಧಾರ ಮಾಡುವುದು ನೀಡಲ್ ವಾಲ್ವ್ ಕೆಳಗಿನ ವಾಷರ್. ಸಿಕ್ಕ ವಾಷರ್ ಹಾಕಿ ಮುಚ್ಚಿದ್ದರೆ ಅದೂ ಕಾರಣ ಆಗಬಹುದು: ವಾಷರ್ ತೆಳುವಾದರೆ ಲೆವೆಲ್ ಏರುತ್ತದೆ, ದಪ್ಪವಾದರೆ ಇಳಿಯುತ್ತದೆ.

ಕ್ಯಾನ್ ಪರೀಕ್ಷೆಯಲ್ಲಿ ಕಾರ್ಬ್ ಒಣಗಿಯೇ ಇದ್ದರೆ ಆಗ ಪ್ರೆಶರ್ ಕಡೆ ಬನ್ನಿ. ಲೆಕ್ಕ ಸರಳ. ಫ್ಲೋಟ್ ಎಷ್ಟು ಬಲದಿಂದ ನೀಡಲನ್ನು ಮೇಲೊತ್ತುತ್ತದೋ ಅದಕ್ಕಿಂತ ಹೆಚ್ಚು ಬಲದಿಂದ ಪೆಟ್ರೋಲ್ ಕೆಳಗೊತ್ತಿದರೆ ನೀಡಲ್ ಬಿಟ್ಟುಕೊಳ್ಳುತ್ತದೆ. 2 ಮಿ.ಮೀ. ಸೀಟಿನ ತೂತಿನ ವಿಸ್ತೀರ್ಣ 3.14 ಚದರ ಮಿ.ಮೀ. 3 ಪಿಎಸ್‌ಐ ಇದ್ದಾಗ ಅದರ ಮೇಲೆ ಬೀಳುವ ಒತ್ತು ಸುಮಾರು 6.6 ಗ್ರಾಂ ತೂಕದಷ್ಟು. 6 ಪಿಎಸ್‌ಐ ಆದರೆ 13 ಗ್ರಾಂ ದಾಟುತ್ತದೆ. ಇಷ್ಟು ಚಿಕ್ಕ ಅಂಕಿಗಳು ಅಂತ ಅಸಡ್ಡೆ ಬೇಡ, ಆ ಪುಟ್ಟ ಫ್ಲೋಟ್ ತನ್ನ ತೋಳಿನ ಮೂಲಕ ಕೊಡುವ ಬಲವೂ ಗ್ರಾಂಗಳಲ್ಲೇ ಇದೆ. ಓಡುವಾಗ ಸರಿ ಇದ್ದು ಐಡ್ಲಿಂಗ್‌ನಲ್ಲಿ ಉಕ್ಕುವುದಕ್ಕೂ ಇದೇ ಉತ್ತರ. ಓಡುವಾಗ ಎಂಜಿನ್ ಕುಡಿಯುತ್ತಿರುತ್ತದೆ, ಲೈನಿನಲ್ಲಿ ಪ್ರೆಶರ್ ಇಳಿದಿರುತ್ತದೆ. ಐಡ್ಲಿಂಗ್‌ನಲ್ಲಿ ಹರಿವು ಹೆಚ್ಚುಕಡಿಮೆ ಶೂನ್ಯ, ಆಗ ಪಂಪ್ ತನ್ನ ಪೂರ್ತಿ ಪ್ರೆಶರ್ ತೋರಿಸುತ್ತದೆ.

ಈಗ ಆಯ್ಕೆ. ರೆಗ್ಯುಲೇಟರ್ ಕೊಳ್ಳುವಾಗ ನೋಡಬೇಕಾದ್ದು ಬ್ರ್ಯಾಂಡಿಗಿಂತ ಮೊದಲು ಸ್ಪ್ರಿಂಗಿನ ರೇಂಜ್. ನಿಮಗೆ ಬೇಕಾದ ಅಂಕಿ ಆ ರೇಂಜಿನ ನಡುವೆ ಬರಬೇಕು, ತುದಿಯಲ್ಲಿ ಅಲ್ಲ. ಹಾಲಿ ಕಂಪನಿಯ ಎರಡು ರೆಗ್ಯುಲೇಟರ್ ಹೊರಗಿನಿಂದ ಅವಳಿಜವಳಿ: 12-803ರ ರೇಂಜ್ 4.5–9 ಪಿಎಸ್‌ಐ, 12-804ರದ್ದು 1–4. ಮೊದಲನೆಯದು ಅಮೆರಿಕದ ವಿ8ಗಳ ಮೇಲಿನ ದೊಡ್ಡ ಫೋರ್ ಬ್ಯಾರೆಲ್‌ಗೆ, ಅವಕ್ಕೆ 6 ಪಿಎಸ್‌ಐ ಆಸುಪಾಸು ಬೇಕು. ಪದ್ಮಿನಿಗೆ ಅದನ್ನು ತಂದರೆ ಸ್ಕ್ರೂ ಪೂರ್ತಿ ಬಿಚ್ಚಿದರೂ 4.5ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸುವವರು ಎಡವುವುದು ಇಲ್ಲೇ. ಮಲ್ಪಾಸಿ ಫಿಲ್ಟರ್ ಕಿಂಗ್ ಮಾದರಿಯದ್ದು, ಕೆಳಗೆ ಬಟ್ಟಲು, ಒಳಗೆ ಫಿಲ್ಟರ್ ಇರುವಂಥದ್ದೂ ಆಗುತ್ತದೆ. 2.5–3 ಅದರ ರೇಂಜಿನೊಳಗೆ ಆರಾಮಾಗಿ ಬರುತ್ತದೆ.

ಡಯಲ್ ಮಾದರಿ ಬೇಡ. ಅದರ ಮೇಲಿನ 1, 2, 3 ಬರೀ ಗುರುತು, ಅಳತೆಯಲ್ಲ. ಒಳಗಿನ ಸ್ಪ್ರಿಂಗೂ ವಾಲ್ವೂ ಹಗುರ. ಹರಿವು ನಿಂತಾಗ ಪ್ರೆಶರ್ ಮೆಲ್ಲಗೆ ಮೇಲೇರುವ ಚಾಳಿ, ಅಂದರೆ ಕ್ರೀಪ್, ಇವುಗಳಲ್ಲಿ ಹೆಚ್ಚು. ನಿಮ್ಮ ತೊಂದರೆ ಇರುವುದೇ ಹರಿವು ನಿಂತಾಗ. ಎಂಪಿಎಫ್‌ಐ, ಅಂದರೆ ಕಾರ್ಬ್ ಬದಲು ಇಂಜೆಕ್ಟರ್ ಇರುವ ಗಾಡಿಯ ರೆಗ್ಯುಲೇಟರ್ ಅಂತೂ ಮುಟ್ಟಲೇಬೇಡಿ, ಅದು 3 ಬಾರ್, ಅಂದರೆ 43 ಪಿಎಸ್‌ಐ ಮೇಲೆ ಕೆಲಸ ಮಾಡುವ ವಸ್ತು. ಬಾರ್ ಮತ್ತು ಪಿಎಸ್‌ಐ ಗೊಂದಲದಲ್ಲಿ ‘3 ಸಾಕು’ ಅಂದುಕೊಂಡು ಅದನ್ನು ತಂದವರಿದ್ದಾರೆ.

ನಿಪ್ಪಲ್ ವಿಷಯ: ಮ್ಯಾನಿಫೋಲ್ಡಿಗೆ ಕೊಡಬಾರದು. ಇಂಜೆಕ್ಟರ್ ಪೆಟ್ರೋಲ್ ಚಿಮ್ಮುವುದು ಮ್ಯಾನಿಫೋಲ್ಡ್ ಒಳಕ್ಕೆ, ಆದ್ದರಿಂದ ಅಲ್ಲಿನ ವ್ಯಾಕ್ಯೂಮ್ ಲೆಕ್ಕಕ್ಕೆ ಬರುತ್ತದೆ. ಕಾರ್ಬಿನಲ್ಲಿ ಪೆಟ್ರೋಲ್ ಬೀಳುವುದು ಫ್ಲೋಟ್ ಚೇಂಬರಿಗೆ, ಅದರ ಉಸಿರುಗಂಡಿ ತೆರೆದಿರುವುದು ಹೊರಗಾಳಿಗೆ ಅಥವಾ ಏರ್ ಕ್ಲೀನರಿಗೆ. ಟರ್ಬೊ ಗಾಳಿಯನ್ನು ಕಾರ್ಬ್ ಮೂಲಕ ಊದುವ ಎಂಜಿನ್ ಬಿಟ್ಟರೆ ಆ ನಿಪ್ಪಲ್ ಬಯಲಿಗೆ ತೆರೆದಿರಬೇಕು, ಮೂತಿ ಕೆಳಗೆ ಮಾಡಿ ಧೂಳು ಹೋಗದಂತೆ. ಮುಚ್ಚಿ ಸೀಲ್ ಮಾಡಬೇಡಿ, ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗಿ ಸ್ಪ್ರಿಂಗ್ ಜೊತೆ ಸೇರಿ ಒತ್ತುತ್ತದೆ, ಸೆಟ್ಟಿಂಗ್ ಏರುತ್ತದೆ. ಆ ಗಂಡಿಯಲ್ಲಿ ಪೆಟ್ರೋಲ್ ಜಿನುಗಿದರೆ ಡಯಾಫ್ರಾಮ್ ಹರಿದಿದೆ ಅಂತ ಅರ್ಥ, ಗಾಡಿ ಅಲ್ಲೇ ನಿಲ್ಲಿಸಿ.

ಇ20ಗೆ ಡಯಾಫ್ರಾಮ್ ಎಫ್‌ಕೆಎಂ, ಅಂದರೆ ಪೇಟೆಯಲ್ಲಿ ವೈಟಾನ್ ಅನ್ನುವ ರಬ್ಬರ್, ಇಲ್ಲವೇ ಫ್ಲೋರೊಸಿಲಿಕೋನ್ ಇರಲಿ. ಅಗ್ಗದ ನೈಟ್ರೈಲ್ ಎಥನಾಲಿಗೆ ಉಬ್ಬುತ್ತದೆ, ಒಣಗಿದಾಗ ಗಟ್ಟಿಯಾಗಿ ಬಿರಿಯುತ್ತದೆ. ಬಾಡಿ ಅಲ್ಯುಮಿನಿಯಂ ಆನೊಡೈಸ್ ಮಾಡಿದ್ದಾದರೆ ಒಳ್ಳೆಯದು, ಜಿಂಕ್ ಎರಕದ ಮೇಲೆ ನೀರು ಸೇರಿದ ಎಥನಾಲ್ ಬಿಳಿ ಪುಡಿ ಎಬ್ಬಿಸುತ್ತದೆ, ಆ ಪುಡಿ ನೇರ ವಾಲ್ವ್ ಸೀಟಿಗೆ ಹೋಗುತ್ತದೆ.

---

ಏಸಿಪಂಪ್_ಪರ:

ಮೇಲಿನ ವಿವರ ಸರಿ ಇದೆ, ಆದರೆ ತಪ್ಪು ಪಂಪನ್ನು ಸರಿಮಾಡಲು ಇನ್ನೊಂದು ಭಾಗ ಯಾಕೆ ಸೇರಿಸಬೇಕು? ಈ ಎಂಜಿನ್ನಿಗೆ ರೆಗ್ಯುಲೇಟರ್ ಇಲ್ಲದೆಯೇ ಮೆಕ್ಯಾನಿಕಲ್ ಪಂಪ್ ಕೊಟ್ಟಿದ್ದಾರೆ, ಅದಕ್ಕೆ ಕಾರಣ ಇದೆ. ಕ್ಯಾಮ್ ಮತ್ತು ಲಿವರ್ ಡಯಾಫ್ರಾಮನ್ನು ಕೆಳಗೆಳೆಯುತ್ತವೆ ಅಷ್ಟೇ, ಮೇಲೊತ್ತುವುದು ಸ್ಪ್ರಿಂಗ್. ಅಂದರೆ ಪ್ರೆಶರ್ ಎಷ್ಟು ಅಂತ ತೀರ್ಮಾನ ಮಾಡುವುದು ಆ ಸ್ಪ್ರಿಂಗೇ. ಕಾರ್ಬಿನ ನೀಡಲ್ ಮುಚ್ಚಿದಾಗ ಡಯಾಫ್ರಾಮ್ ಕೆಳಗೇ ಉಳಿಯುತ್ತದೆ, ಲಿವರ್ ಖಾಲಿ ಆಡುತ್ತದೆ. ರೆಗ್ಯುಲೇಟರ್ ಪಂಪಿನ ಹೊಟ್ಟೆಯಲ್ಲೇ ಇದೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಅಪಘಾತದಲ್ಲಿ ಪೈಪ್ ಕಿತ್ತರೂ ಪೆಟ್ರೋಲ್ ಸುರಿಯುತ್ತಾ ಇರುವುದಿಲ್ಲ.

ಹೊಸ ಡಯಾಫ್ರಾಮ್ ಕಿಟ್ ಹಾಕುವವರು ಒಂದು ವಿಷಯ ಗಮನಿಸಿ: ಬ್ಲಾಕಿಗೂ ಪಂಪಿಗೂ ನಡುವಿನ ಬೇಕಲೈಟ್ ಪ್ಯಾಕಿಂಗ್ ಬಿಟ್ಟು ಜೋಡಿಸಿದರೆ ಲಿವರ್ ಹೆಚ್ಚು ದೂರ ಚಲಿಸಿ ಸ್ಪ್ರಿಂಗ್ ಹೆಚ್ಚು ಅದುಮುತ್ತದೆ, ಪ್ರೆಶರ್ ಏರುತ್ತದೆ, ಕೆಲವೊಮ್ಮೆ ಲಿವರೇ ಮುರಿಯುತ್ತದೆ. ಅದೇ ತರ್ಕದಿಂದ, ಮೆಕ್ಯಾನಿಕಲ್ ಪಂಪ್ ಇದ್ದೂ ಪ್ರೆಶರ್ ಸ್ವಲ್ಪ ಹೆಚ್ಚಾಗಿದ್ದರೆ ಒಂದು ಹೆಚ್ಚುವರಿ ಪೇಪರ್ ಗ್ಯಾಸ್ಕೆಟ್ ಸೇರಿಸಿ ತಗ್ಗಿಸಬಹುದು. ಆ ಪ್ಯಾಕಿಂಗ್ ಬ್ಲಾಕಿನ ಬಿಸಿ ಪಂಪಿಗೆ ಏರದಂತೆಯೂ ತಡೆಯುತ್ತದೆ.

ಇನ್ನೊಂದು. ಡಯಾಫ್ರಾಮ್ ಹರಿದಿತ್ತು ಅಂದಿರಿ. ಹರಿದ ಡಯಾಫ್ರಾಮಿನಿಂದ ಪೆಟ್ರೋಲ್ ಇಳಿಯುವುದು ನೇರ ಎಂಜಿನ್ ತಳದ ಆಯಿಲ್ ಸಂಪ್ ಒಳಕ್ಕೆ. ಈಗ ಕಾರ್ಬ್ ಓವರ್‌ಫ್ಲೋ ಆಗಿ ಸಿಲಿಂಡರ್ ಗೋಡೆ ತೊಳೆದು ಇನ್ನಷ್ಟು ಇಳಿದಿರುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ. ಲೆವೆಲ್ ಮೇಲಿನ ಗೆರೆ ದಾಟಿದ್ದರೆ, ಎಣ್ಣೆ ನೀರಾಗಿದ್ದರೆ, ರೆಗ್ಯುಲೇಟರಿಗಿಂತ ಮೊದಲು ಎಣ್ಣೆ ಬದಲಿಸಿ. ಬೇರಿಂಗ್ ಹೋದ ಮೇಲೆ ಪ್ರೆಶರ್ ಸೆಟ್ ಮಾಡಿ ಏನು ಪ್ರಯೋಜನ.

---

ಪದ್ಮಿನಿ1089:

ಇಬ್ಬರಿಗೂ ಧನ್ಯವಾದ. ಕ್ಯಾನ್ ಪರೀಕ್ಷೆಯಲ್ಲಿ ಓವರ್‌ಫ್ಲೋ ಇಲ್ಲ, ಗ್ಯಾಸ್ಕೆಟ್ ಒಣಗಿತ್ತು. ಟಿ-ಪೀಸ್ ಹಾಕಿ ಗೇಜಿನಲ್ಲಿ ನೋಡಿದಾಗ ಎಂಜಿನ್ ಆಫ್, ಪಂಪ್ ಆನ್ ಸ್ಥಿತಿಯಲ್ಲಿ 5ಕ್ಕಿಂತ ತುಸು ಮೇಲೆ. ಕಾರ್ಬ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 900 ಮಿ.ಲೀ. ಎಣ್ಣೆಯಲ್ಲಿ ಪೆಟ್ರೋಲ್ ವಾಸನೆ ನಿಜ, ಬದಲಿಸಲಾಗಿದೆ. ಏಸಿ ಪಂಪಿನ ಕಿಟ್ ಹುಡುಕುತ್ತಲೇ ಇರುತ್ತೇನೆ. ಸದ್ಯಕ್ಕೆ ಸ್ಕ್ರೂ ಮಾದರಿ, 1–4 ಪಿಎಸ್‌ಐ ರೆಗ್ಯುಲೇಟರ್ ಅಂತ ತೀರ್ಮಾನ. ಜೋಡಿಸುವ ಕ್ರಮ, ಸೆಟ್ಟಿಂಗ್ ಹೇಗೆ? ಗೇಜ್ 0–100 ಪಿಎಸ್‌ಐದು, ಸಾಕಾ?

---

ಬೆಂಚ್‌ವೈಸ್:

ಗೇಜ್ ಸಾಲದು. ಅಗ್ಗದ ಗೇಜಿನ ತಪ್ಪು ಪೂರ್ತಿ ಸ್ಕೇಲಿನ ಶೇ. 2–3. ಅಂದರೆ 100ರ ಗೇಜಿನಲ್ಲಿ 2–3 ಪಿಎಸ್‌ಐ ಆಚೀಚೆ, ನೀವು ಅಳೆಯಹೊರಟಿರುವುದೇ ಅಷ್ಟು. 0–15 ಪಿಎಸ್‌ಐ ಅಥವಾ 0–1 ಬಾರ್ ಗೇಜ್ ತನ್ನಿ. ಗ್ಲಿಸರಿನ್ ತುಂಬಿದ ಗೇಜ್ ಎಂಜಿನ್ ಬೇ ಒಳಗೆ ಶಾಶ್ವತವಾಗಿ ಬೇಡ. ಬಿಸಿಯಾದಾಗ ಅದರ ಡಬ್ಬಿಯ ಒಳಗಿನ ಒತ್ತಡ ಏರಿ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಸ್ಕ್ರೂ ಒಳಗೆ ತಿರುಗಿಸಿದರೆ ಮತ್ತೆ ಓವರ್‌ಫ್ಲೋ. ಗೇಜ್ ಕಾರ್ಬಿನ ಎತ್ತರದಲ್ಲೇ ಇರಲಿ.

ಹರಿವಿನ ಬಗ್ಗೆ ಚಿಂತೆ ಬೇಡ. 40 ಬಿಎಚ್‌ಪಿ ಅಂದರೆ ಸುಮಾರು 30 ಕಿಲೋವ್ಯಾಟ್. ಕಿಲೋವ್ಯಾಟ್ ಗಂಟೆಗೆ 300 ಗ್ರಾಂ ಅಂತ ಹಿಡಿದರೆ ಗಂಟೆಗೆ 9 ಕೆ.ಜಿ., ಅಂದರೆ 12 ಲೀಟರ್, ನಿಮಿಷಕ್ಕೆ 200 ಮಿ.ಲೀ. ನಿಮ್ಮ ಪಂಪ್ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಕೊಡುತ್ತಿದೆ. ಈ ಹೆಚ್ಚಳ ಮುಂದೆ ಉಪಯೋಗಕ್ಕೆ ಬರುತ್ತದೆ, ಹೇಳುತ್ತೇನೆ.

ಮೊದಲು ಪಂಪನ್ನು ಬಲ್ಕ್‌ಹೆಡ್‌ನಿಂದ ಕಿತ್ತು ಹಿಂದಕ್ಕೆ ಒಯ್ಯಿರಿ, ಟ್ಯಾಂಕಿನ ಹತ್ತಿರ, ಟ್ಯಾಂಕಿನ ತಳಕ್ಕಿಂತ ಮೇಲೆ ಇಡಬೇಡಿ. ಇಂಥ ಪಂಪ್ ದೂಡುವುದರಲ್ಲಿ ಗಟ್ಟಿಗ, ಎಳೆಯುವುದರಲ್ಲಿ ಸೋಮಾರಿ. ಮುಂದೆ ಕೂತು ಉದ್ದದ ಪೈಪಿನಿಂದ ಹೀರುವಾಗ ಲೈನಿನಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಬೇಗ ಕುದಿಯುತ್ತದೆ. ಚಾರ್ಮಾಡಿ, ಆಗುಂಬೆ ಹತ್ತುವಾಗ ನಿಧಾನ ವೇಗ, ಬಿಸಿ ಎಂಜಿನ್, ಗಾಳಿ ಇಲ್ಲ. ವೇಪರ್ ಲಾಕ್ (ಆವಿ ತುಂಬಿ ಪೆಟ್ರೋಲ್ ಹರಿವು ಕಟ್ಟುವುದು) ಆಗಲು ಇನ್ನೇನು ಬೇಕು.

ಪಂಪಿಗಿಂತ ಮೊದಲು ಒರಟು ಜಾಲರಿ ಫಿಲ್ಟರ್, ಪಂಪಿನ ನಂತರ ರೆಗ್ಯುಲೇಟರಿಗಿಂತ ಮೊದಲು ಸೂಕ್ಷ್ಮ ಪೇಪರ್ ಫಿಲ್ಟರ್. ಪೇಪರ್ ಫಿಲ್ಟರನ್ನು ಹೀರುವ ಕಡೆ ಹಾಕಿದರೆ ಪಂಪ್ ಒದ್ದಾಡುತ್ತದೆ. ಹಳೆಯ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ತುಕ್ಕು, ಅಂಟನ್ನು ಎಥನಾಲ್ ಸಡಿಲಿಸಿ ತರುತ್ತದೆ. ಇ20 ಹಾಕಿದ ಆರಂಭದಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ, ಒಂದೆರಡು ಹೆಚ್ಚುವರಿ ಇಟ್ಟುಕೊಳ್ಳಿ. ಅದರಲ್ಲಿ ಒಂದು ಕಣ ರೆಗ್ಯುಲೇಟರ್ ವಾಲ್ವಿನಡಿ ಸಿಕ್ಕರೂ ಕ್ರೀಪ್ ಶುರು. ಹೋಸ್ ಎಸ್‌ಎಇ ಜೆ30 ಆರ್9 (ಪೆಟ್ರೋಲ್ ಹೋಸಿನ ಒಂದು ಮಾನದಂಡ) ಗುರುತಿನದ್ದು ಕೊಳ್ಳಿ, ಗುರುತಿಲ್ಲದ ಕಪ್ಪು ಪೈಪ್ ಬೇಡ.

ರೆಗ್ಯುಲೇಟರನ್ನು ಕಾರ್ಬಿಗೆ ಹತ್ತಿರ, ಆದರೆ ಒಳ ಮಡ್‌ಗಾರ್ಡಿಗೆ ಅಥವಾ ಬಲ್ಕ್‌ಹೆಡ್‌ಗೆ ಬಿಗಿಯಿರಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ. ಎಂಜಿನ್ನಿಗೇ ಬಿಗಿದರೆ ಅದುರಿಗೆ ಡಯಾಫ್ರಾಮೂ ಲಾಕ್‌ನಟ್ಟೂ ಬಾಳುವುದಿಲ್ಲ. ಬಾಡಿ ಮೇಲಿನ ‘ಇನ್’ ‘ಔಟ್’ ಗುರುತು ನೋಡಿ, ತಿರುಗಾಮುರುಗಾ ಜೋಡಿಸಿದರೆ ರೆಗ್ಯುಲೇಟ್ ಆಗುವುದಿಲ್ಲ.

ಫಿಟಿಂಗ್ ವಿಷಯದಲ್ಲಿ ಒಂದು ಬಲೆ ಇದೆ. ಅಮೆರಿಕದ ರೆಗ್ಯುಲೇಟರ್ ಪೋರ್ಟ್ ಎನ್‌ಪಿಟಿ (ಅಮೆರಿಕದ ಪೈಪ್ ಮಾನದಂಡ) ಥ್ರೆಡ್, ನಮ್ಮ ಹಾರ್ಡ್‌ವೇರ್ ಅಂಗಡಿಯದ್ದು ಬಿಎಸ್‌ಪಿ (ಬ್ರಿಟಿಷ್ ಮಾನದಂಡ). ಕಾಲು ಇಂಚು ಮತ್ತು ಮುಕ್ಕಾಲರ್ಧ, ಅಂದರೆ 3/8 ಇಂಚಿನಲ್ಲಿ ಎನ್‌ಪಿಟಿಗೆ ಇಂಚಿಗೆ 18 ಥ್ರೆಡ್, ಬಿಎಸ್‌ಪಿಗೆ 19. ಕೋನವೂ ಬೇರೆ, 60 ಡಿಗ್ರಿ ಮತ್ತು 55. ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಕೂತಿತು ಅನ್ನಿಸುತ್ತದೆ. ಬಿಸಿಯಾದ ಮೇಲೆ ಜಿನುಗುತ್ತದೆ, ಇನ್ನೂ ಬಿಗಿದರೆ ಅಲ್ಯುಮಿನಿಯಂ ಬಾಡಿ ಸೀಳುತ್ತದೆ. ರೆಗ್ಯುಲೇಟರ್ ಜೊತೆಗೇ ಅದರ ಫಿಟಿಂಗ್ ತರಿಸಿ. ಪ್ಲಂಬರ್‌ನ ಬಿಳಿ ಟೇಪ್ ಬೇಡವೇ ಬೇಡ, ಅದರ ಎಳೆ ಕಿತ್ತು ನೀಡಲ್ ಸೀಟಿಗೆ ಹೋಗಿ ಕೂರುತ್ತದೆ. ಪೆಟ್ರೋಲ್ ತಡೆಯುವ ದ್ರವ ಸೀಲೆಂಟ್, ತುದಿಯ ಎರಡು ಥ್ರೆಡ್ ಬಿಟ್ಟು ಹಚ್ಚಿ.

ಸೆಟ್ಟಿಂಗ್: ಲಾಕ್‌ನಟ್ ಸಡಿಲಿಸಿ, ಸ್ಕ್ರೂ ಪೂರ್ತಿ ಹೊರಗೆ ತಿರುಗಿಸಿ ಶುರುಮಾಡಿ. ಪಂಪ್ ಆನ್ ಮಾಡಿ, ಚೇಂಬರ್ ತುಂಬಲಿ, ಎಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಈಗ ಕಾಲು ಕಾಲು ಸುತ್ತು ಒಳಕ್ಕೆ ತಿರುಗಿಸುತ್ತಾ 2.5ಕ್ಕೆ ತನ್ನಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಬರಬೇಕು. 3.5ಕ್ಕೆ ಹೋಯಿತು ಅಂತ ಸ್ಕ್ರೂ ಹಿಂದೆ ತಿರುಗಿಸಿದರೆ ಮುಳ್ಳು ತಕ್ಷಣ ಇಳಿಯುವುದಿಲ್ಲ. ಎರಡು ಪೋರ್ಟಿನ ರೆಗ್ಯುಲೇಟರ್ ಮುಂದಿನ ಲೈನಿನಲ್ಲಿ ಸಿಕ್ಕಿಕೊಂಡ ಪ್ರೆಶರನ್ನು ವಾಪಸ್ ಬಿಡಲಾರದು. ಎಂಜಿನ್ ಆ ಪೆಟ್ರೋಲ್ ಕುಡಿದಾಗಲೇ ಇಳಿಯುವುದು. ಇದು ಗೊತ್ತಿಲ್ಲದೆ ‘ರೆಗ್ಯುಲೇಟರ್ ಕೆಟ್ಟಿದೆ’ ಅಂತ ವಾಪಸ್ ಕಳಿಸುವವರು ಬಹಳ. ಇಳಿಸಬೇಕಾದರೆ ಸ್ಕ್ರೂ ಸಡಿಲಿಸಿ, ಪಂಪ್ ಆಫ್ ಮಾಡಿ, ಎಂಜಿನನ್ನು ಒಂದರ್ಧ ನಿಮಿಷ ಚೇಂಬರಿನ ಪೆಟ್ರೋಲಿನಲ್ಲೇ ಓಡಿಸಿ, ಮತ್ತೆ ಆನ್ ಮಾಡಿ ನೋಡಿ.

ಲಾಕ್‌ನಟ್ ಬಿಗಿದ ಮೇಲೆ ಇನ್ನೊಮ್ಮೆ ಗೇಜ್ ನೋಡಿ, ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ. ಕೊನೆಗೆ ಕ್ರೀಪ್ ಪರೀಕ್ಷೆ: ಎಂಜಿನ್ ಆಫ್, ಪಂಪ್ ಮಾತ್ರ ಆನ್, ಎರಡು ನಿಮಿಷ. ಮುಳ್ಳು 2.5ರಿಂದ 2.75ಕ್ಕೆ ಏರಿ ನಿಂತರೆ ಸರಿ. ನಿಲ್ಲದೆ 3.5, 4 ಅಂತ ಏರುತ್ತಲೇ ಹೋದರೆ ವಾಲ್ವ್ ಕೂರುತ್ತಿಲ್ಲ, ಬಿಚ್ಚಿ ಕಸ ನೋಡಿ.

ರೋಡಿನಲ್ಲಿ, ಸೆಕೆಂಡ್ ಗೇರಿನಲ್ಲಿ ಏರು ಹತ್ತುವಾಗ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಪ್ರೆಶರ್ 1.5ಕ್ಕೆ ಇಳಿದರೂ ಹೆದರಬೇಡಿ. ಚೇಂಬರ್ ತುಂಬಿರುವವರೆಗೆ ಜೆಟ್‌ಗೆ ಪಂಪಿನ ಪ್ರೆಶರ್ ಗೊತ್ತೇ ಆಗುವುದಿಲ್ಲ. ಸೊನ್ನೆಯ ಹತ್ತಿರ ಬಂದು ಎಂಜಿನ್ ಮಿಸ್ ಹೊಡೆದರೆ ಫಿಲ್ಟರ್ ಅಥವಾ ಪಂಪಿಗೆ ಬರುವ ವೋಲ್ಟೇಜ್ ನೋಡಿ.

ಈಗ ನಿಮ್ಮ ಬಿಸಿ ಸ್ಟಾರ್ಟ್ ತೊಂದರೆ. ರೆಗ್ಯುಲೇಟರ್ ಹಾಕಿದರೂ ಇದು ಅರ್ಧ ಉಳಿಯಬಹುದು. ಎಂಜಿನ್ ಆಫ್ ಮಾಡಿದಾಗ ರೆಗ್ಯುಲೇಟರಿಗೂ ನೀಡಲಿಗೂ ನಡುವೆ ಪೆಟ್ರೋಲ್ ಸಿಕ್ಕಿಕೊಳ್ಳುತ್ತದೆ, ಬಿಸಿಗೆ ಹಿಗ್ಗುತ್ತದೆ, ಹಿಂದೆ ಹೋಗಲು ದಾರಿ ಇಲ್ಲ, ನೀಡಲನ್ನು ತಳ್ಳಿಕೊಂಡು ಕಾರ್ಬಿಗೇ ನುಗ್ಗುತ್ತದೆ. ಪರಿಹಾರ: ರೆಗ್ಯುಲೇಟರ್ ಮತ್ತು ಕಾರ್ಬ್ ನಡುವೆ ಟಿ ಹಾಕಿ, ಅದರ ಮೂರನೇ ಬಾಯಿಗೆ 1 ಮಿ.ಮೀ. ತೂತಿನ ಹಿತ್ತಾಳೆ ತಡೆ ಕೂರಿಸಿ, ಅಲ್ಲಿಂದ ಟ್ಯಾಂಕಿಗೆ ರಿಟರ್ನ್. 3 ಪಿಎಸ್‌ಐ ಹತ್ತಿರ ಅಂಥ ತೂತಿನಲ್ಲಿ ನಿಮಿಷಕ್ಕೆ 200 ಮಿ.ಲೀ. ಚಿಲ್ಲರೆ ಹರಿಯುತ್ತದೆ. ಎಂಜಿನ್ನಿನ ಪೂರ್ತಿ ಬಳಕೆಯೂ ಅಷ್ಟೇ, ಒಟ್ಟು 400 ಚಿಲ್ಲರೆ, ನಿಮ್ಮ ಪಂಪ್ 900 ಕೊಡುತ್ತಿದೆ. 2 ಮಿ.ಮೀ. ತೂತು ಮಾಡಿದರೆ ಹರಿವು ನಾಲ್ಕು ಪಟ್ಟಾಗಿ ಇಡೀ ಪಂಪ್ ಟ್ಯಾಂಕಿಗೇ ವಾಪಸ್ ಓಡುತ್ತದೆ, ಹಾಗಾಗಿ ಡ್ರಿಲ್ ಆರಿಸುವಾಗ ಎಚ್ಚರ. ಇದು ಕಡ್ಡಾಯ ಅಲ್ಲ. ಗಾಡಿ ಬೆಳಗಿನ ಸವಾರಿಗೆ ಮಾತ್ರ ಅಂದರೆ ಬಿಟ್ಟುಬಿಡಿ, ಮಧ್ಯಾಹ್ನದ ಟ್ರಾಫಿಕ್ಕಿಗೂ ಘಾಟಿಗೂ ಬೇಕು ಅಂದರೆ ಮಾಡಿಸಿ. ಹೊಸ ರೆಗ್ಯುಲೇಟರಿಗಿಂತ ಇದರಿಂದ ಹೆಚ್ಚು ಲಾಭ ಅಂತ ನನ್ನ ಅಭಿಪ್ರಾಯ.

---

ಜಿಪ್ಸಿ_ಟ್ವಿನ್‌ಕಾರ್ಬ್:

ನಡುವೆ ನುಗ್ಗಿದ್ದಕ್ಕೆ ಕ್ಷಮಿಸಿ. ಜಿಪ್ಸಿಯ 1298 ಸಿಸಿ ಎಂಜಿನ್, ಎರಡು ವೆಬರ್ 40 ಡಿಸಿಒಇ ಕಾರ್ಬ್. ಎರಡು ಕಾರ್ಬಿಗೆ ಒಂದು ರೆಗ್ಯುಲೇಟರ್ ಸಾಕಾ, ಪ್ರೆಶರ್ ಎಷ್ಟು?

---

ನೀಡಲ್‌ಸೀಟ್:

ಒಂದು ಸಾಕು. 55 ಕಿಲೋವ್ಯಾಟ್ ತೆಗೆದರೂ ಗಂಟೆಗೆ 22 ಲೀಟರ್ ಆಗುತ್ತದೆ, ಯಾವುದೇ ಮರ್ಯಾದಸ್ಥ ರೆಗ್ಯುಲೇಟರಿಗೆ ಅದು ಹಗುರ. ರೆಗ್ಯುಲೇಟರ್ ನಂತರ ಟಿ ಹಾಕಿ ಎರಡೂ ಕಾರ್ಬಿಗೆ ಸಮ ಉದ್ದದ ಪೈಪ್.

ಡಿಸಿಒಇಗೆ 3 ಪಿಎಸ್‌ಐ ಇಡಿ, 3.5 ದಾಟಬೇಡಿ. ನೀಡಲ್ ವಾಲ್ವ್ ಮೇಲೆ ಕೊರೆದ ಅಂಕಿ ಓದಿ: 1.75 ಇದ್ದರೆ ಹಾಗೇ ಬಿಡಿ. ಪವರ್ ಹೆಚ್ಚುತ್ತದೆ ಅಂತ 2.00 ಹಾಕುವುದು ನಡೆದಿದೆ. ವಿಸ್ತೀರ್ಣ ಶೇ. 30 ಹೆಚ್ಚುತ್ತದೆ, ಅದೇ ಪ್ರೆಶರಿಗೆ ನೀಡಲ್ ಮೇಲಿನ ಒತ್ತೂ ಶೇ. 30 ಹೆಚ್ಚುತ್ತದೆ, ಫ್ಲೋಟ್ ಮಾತ್ರ ಹಳೆಯದೇ. ಅಂದರೆ 1.75ರಲ್ಲಿ 3 ಪಿಎಸ್‌ಐ ತಡೆಯುತ್ತಿದ್ದ ಕಾರ್ಬ್ 2.00ರಲ್ಲಿ 2.3ಕ್ಕೇ ಅದೇ ಒತ್ತು ಕಾಣುತ್ತದೆ. 1.3 ಲೀಟರಿಗೆ ಅದರ ಅಗತ್ಯವೇ ಇಲ್ಲ. ಎಸ್‌ಯು ಕಾರ್ಬ್ ಇರುವವರು ಇನ್ನೂ ಕೆಳಗೆ, 2ರಿಂದ 2.5 ಒಳಗೆ ಇರಿ.

ಕಾರ್ಬ್ ಕಾಲದ ಜಿಪ್ಸಿ, ಮಾರುತಿ 800 ಎರಡರಲ್ಲೂ ಮೂಲ ಮೆಕ್ಯಾನಿಕಲ್ ಪಂಪಿಗೆ ಮೂರು ಪೈಪ್ ಇರುತ್ತದೆ, ಮೂರನೆಯದು ರಿಟರ್ನ್. ಎಲೆಕ್ಟ್ರಿಕ್ ಪಂಪ್ ಹಾಕುವಾಗ ಅದಕ್ಕೆ ಬೋಲ್ಟ್ ತುರುಕಿ ಮುಚ್ಚಿಬಿಡುತ್ತಾರೆ. ಬಿಚ್ಚಿ, ಮೇಲೆ ಹೇಳಿದ 1 ಮಿ.ಮೀ. ತಡೆಯನ್ನು ಅದಕ್ಕೇ ಜೋಡಿಸಿ. ಟ್ಯಾಂಕ್ ಇಳಿಸುವ ಕೆಲಸವೇ ತಪ್ಪಿತು.

---

ಫ್ಯೂಸ್‌ಬಾಕ್ಸ್:

ವೈರಿಂಗ್ ಬಗ್ಗೆ ಯಾರೂ ಬರೆದಿಲ್ಲ. ಇಗ್ನಿಷನ್‌ನಿಂದ ನೇರ ಪಂಪಿಗೆ ವೈರ್ ಕೊಟ್ಟಿದ್ದರೆ, ಗಾಡಿ ಗುದ್ದಿ ಎಂಜಿನ್ ನಿಂತ ಮೇಲೂ ಪಂಪ್ ಓಡುತ್ತಲೇ ಇರುತ್ತದೆ. ರಿಲೇ (ಕಾಯಿಲಿನಿಂದ ಆನ್ ಆಫ್ ಆಗುವ ಸ್ವಿಚ್), 5 ಆಂಪಿಯರ್ ಫ್ಯೂಸ್, ಗಾಡಿ ಗುದ್ದಿದಾಗ ತಾನೇ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಇವಿಷ್ಟು ಇರಲೇಬೇಕು.

ಆಯಿಲ್ ಪ್ರೆಶರ್ ಸ್ವಿಚ್‌ನಿಂದ ಪಂಪ್ ಆಫ್ ಮಾಡಿಸುವವರು ಗಮನಿಸಿ. ಡ್ಯಾಶ್‌ಬೋರ್ಡ್ ದೀಪದ ಸ್ವಿಚ್ ಪ್ರೆಶರ್ ಇಲ್ಲದಾಗ ಅರ್ತ್ ಆಗುತ್ತದೆ, ಅಂದರೆ ನಮಗೆ ಬೇಕಾದ್ದಕ್ಕೆ ಉಲ್ಟಾ. ರಿಲೇ ಕಾಯಿಲನ್ನು ಆ ದೀಪಕ್ಕೆ ಸಮಾಂತರವಾಗಿ ಕೊಟ್ಟು ಪಂಪಿನ ವೈರನ್ನು 87ಎ ಪಿನ್ನಿನಿಂದ (ಕಾಯಿಲಿಗೆ ಕರೆಂಟ್ ಇಲ್ಲದಾಗ ಕೂಡಿರುವ ಪಿನ್) ತೆಗೆದರೆ ಕೆಲಸವೇನೋ ಆಗುತ್ತದೆ, ಆದರೆ ಸ್ವಿಚ್ ವೈರ್ ಎಲ್ಲಾದರೂ ತುಂಡಾದರೆ ಪಂಪ್ ನಿಲ್ಲುವುದೇ ಇಲ್ಲ. ಪ್ರೆಶರ್ ಬಂದಾಗ ಕೂಡುವ, ನಾರ್ಮಲಿ ಓಪನ್ ಸ್ವಿಚ್ ಇನ್ನೊಂದು ಹಾಕುವುದೇ ಸರಿ. ಸ್ಟಾರ್ಟ್ ಹೊಡೆಯುವಾಗ ಎಣ್ಣೆ ಪ್ರೆಶರ್ ಇನ್ನೂ ಬಂದಿರುವುದಿಲ್ಲವಲ್ಲ, ಅದಕ್ಕೆ ಸ್ಟಾರ್ಟರ್ ಸೊಲೆನಾಯ್ಡಿನ ಟ್ರಿಗರ್ ವೈರಿನಿಂದ ಪಂಪಿಗೆ ಒಂದು ದಾರಿ ಕೊಡಿ. ನಡುವೆ 6 ಆಂಪಿಯರ್ ಡಯೋಡ್ ಇರಲಿ, ಬಿಳಿ ಗೆರೆ ಪಂಪಿನ ಕಡೆಗೆ. ಡಯೋಡ್ ಬಿಟ್ಟರೆ ಎಂಜಿನ್ ಓಡುವಾಗ ಪಂಪಿನ ಕರೆಂಟ್ ಹಿಂದೆ ಹರಿದು ಸ್ಟಾರ್ಟರನ್ನು ಎಳೆಯಲು ನೋಡುತ್ತದೆ.

ರಿಲೇ ಹಾಕಿದ ಮೇಲೆ ಪಂಪಿನ ಟರ್ಮಿನಲ್ಲಿನಲ್ಲೇ ವೋಲ್ಟೇಜ್ ಅಳೆಯಿರಿ. ಹಿಂದಿನವರೆಗೆ ಎಳೆದ ತೆಳು ವೈರಿನಲ್ಲಿ ಒಂದು ವೋಲ್ಟ್ ಕಳೆದಿದ್ದರೆ 1.5 ಚದರ ಮಿ.ಮೀ. ವೈರ್ ಹಾಕಿ, ಪಂಪಿಗೆ ಬಾಡಿ ಅರ್ತ್ ಬೇರೆಯಾಗಿ ಕೊಡಿ. ಆಮೇಲೆ ರೆಗ್ಯುಲೇಟರ್ ಇನ್ನೊಮ್ಮೆ ನೋಡಿಕೊಳ್ಳಿ, ವೋಲ್ಟೇಜ್ ಏರಿದಾಗ ಕೆಲವು ಪಂಪುಗಳ ಪ್ರೆಶರೂ ಏರುತ್ತದೆ.